ತಲೆಯೊಳಗಿನ ಉಬ್ಬು, ಯಂತ್ರ ಹೇಳುವ ಕಣಿ

(ಕೊಳ್ಳೇಗಾಲದಲ್ಲಿ ಗಿರಣಿ ಕಾರ್ಮಿಕರು, ಮಗ್ಗದವರು ಮತ್ತು ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಸಂಜೆ ನಾವು ಮಾತನಾಡಹೊರಟಿರುವುದು ಕೂಲಿಯ ಪ್ರಶ್ನೆಯನ್ನಲ್ಲ, ಬೋನಸ್ಸಿನ ಪ್ರಶ್ನೆಯನ್ನೂ ಅಲ್ಲ, ತಲೆನೋವಿನ ಪ್ರಶ್ನೆಯನ್ನು. ನಗಬೇಡಿ. ಸಾಲದ ತಲೆನೋವು, ಅಂಗಡಿ ಬಾಡಿಗೆಯ ತಲೆನೋವು ನಮಗಾಗಲಿ ನಿಮಗಾಗಲಿ ಹೊಸದಲ್ಲ. ಅವು ಮನುಷ್ಯನನ್ನು ಹತ್ತಾರು ವರ್ಷ ಇಟ್ಟುಕೊಂಡು ಹಿಂಡುತ್ತವೆ. ನಾವು ಹೇಳುವ ತಲೆನೋವು ಒಂದೇ ಗಳಿಗೆಯಲ್ಲಿ ಸಿಡಿಲಿನಂತೆ ಎರಗುತ್ತದೆ, ಎರಗಿದ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರನ್ನು ಕೊಂಡೊಯ್ಯುತ್ತದೆ.

ಮಿದುಳಿನ ರಕ್ತನಾಳದ ಗೋಡೆಯಲ್ಲಿ ಎದ್ದ ಉಬ್ಬೊಂದು ಒಡೆದಾಗ ಆಗುವ ಅನಾಹುತ ಇದು. ವೈದ್ಯರು ಆ ಉಬ್ಬಿಗೆ ಅನ್ಯೂರಿಸಂ ಎನ್ನುತ್ತಾರೆ. ತಲೆಯ ಚಿತ್ರ ತೆಗೆದು ಗಣಕಯಂತ್ರದ ಮುಂದಿಟ್ಟರೆ ಯಾವ ಉಬ್ಬು ಒಡೆಯುತ್ತದೆ, ಯಾವುದು ಸುಮ್ಮನಿರುತ್ತದೆ ಎಂಬುದನ್ನು ಅದು ಮುಂದಾಗಿ ಹೇಳಿಬಿಡುತ್ತದೆ ಎಂಬ ಸುದ್ದಿ ಈಚೆಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತಿದೆ. ಈ ಸುದ್ದಿಯಲ್ಲಿ ನಿಜವೆಷ್ಟು, ಆ ನಿಜದಲ್ಲಿ ಕೊಳ್ಳೇಗಾಲ, ಹನೂರು, ಯಳಂದೂರಿನ ದುಡಿಯುವ ಜನಕ್ಕೆ ದಕ್ಕುವುದೆಷ್ಟು ಎಂಬುದನ್ನು ನಾವು ವಿಚಾರಿಸಬೇಕಾಗಿದೆ. ನಾವು ವೈದ್ಯರಲ್ಲ. ಆದರೆ ಲೆಕ್ಕ ನೋಡಬಲ್ಲೆವು. ಈ ವಿಷಯದ ಅರ್ಧಭಾಗ ಲೆಕ್ಕವೇ.

ಕೊಳ್ಳೇಗಾಲವೆಂದರೆ ಹೊರಗಿನವರಿಗೆ ರೇಷ್ಮೆಗಿಂತ ಮೊದಲು ಮಾಟ ನೆನಪಾಗುತ್ತದೆ. ಈ ಕೀರ್ತಿಯನ್ನು ಇಲ್ಲಿಯ ನೇಕಾರನಾಗಲಿ ಅಂಗಡಿಯವನಾಗಲಿ ಅರ್ಜಿ ಹಾಕಿ ಪಡೆದದ್ದಲ್ಲ. ಆದರೂ, ಬೆಳಗ್ಗೆ ಗಟ್ಟಿಯಾಗಿ ಎದ್ದು ಹೋದ ನಲವತ್ತೈದರ ಗೃಹಸ್ಥ ಮಧ್ಯಾಹ್ನ ಅಯ್ಯೋ ತಲೆ ಎಂದು ಹಿಡಿದುಕೊಂಡು ವಾಂತಿ ಮಾಡಿ ಬಿದ್ದರೆ, ಯಾರೋ ಮಾಡಿಸಿದರು ಎಂದೋ, ಗಾಳಿ ಸೋಕಿತೆಂದೋ ಹೇಳುವ ನಾಲಗೆಗಳು ನಮ್ಮಲ್ಲಿ ಇನ್ನೂ ಇವೆ. ಅವರನ್ನು ಹಳಿದು ಪ್ರಯೋಜನವಿಲ್ಲ. ಕಾರಣ ತಿಳಿಸುವವರು ಹತ್ತಿರದಲ್ಲಿಲ್ಲದ ಕಡೆ ಜನ ಕೈಗೆ ಸಿಕ್ಕ ಕಾರಣವನ್ನು ಹಿಡಿಯುತ್ತಾರೆ.

ನಿಜವಾದ ಕಾರಣವನ್ನು ತಿಳಿಯಲು ನಾವು ಶಿವನಸಮುದ್ರದವರೆಗೆ ಹೋದರೆ ಸಾಕು. ಅಲ್ಲಿ ಕಾವೇರಿ ಎರಡು ಕವಲಾಗುತ್ತಾಳೆ. ಒಂದು ಗಗನಚುಕ್ಕಿಯಾಗಿ, ಇನ್ನೊಂದು ಭರಚುಕ್ಕಿಯಾಗಿ ಧುಮುಕುತ್ತದೆ. ಹೊಳೆ ಸೀಳುವ ಜಾಗದಲ್ಲಿ, ನಡುವಿನ ದ್ವೀಪದ ಮೂತಿಗೆ ನೀರು ನೇರವಾಗಿ ಬಡಿಯುತ್ತದೆ. ದಡದ ಉಳಿದ ಭಾಗವನ್ನು ಅದು ಸವರಿಕೊಂಡು ಹೋಗುತ್ತದೆ. ಆ ಮೂತಿಗೆ ಮಾತ್ರ ಹೊಡೆತ. ಮಿದುಳಿನ ಬುಡದಲ್ಲಿ ರಕ್ತನಾಳಗಳು ಹೀಗೆಯೇ ಕವಲೊಡೆಯುತ್ತವೆ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಅಷ್ಟು ಸಲವೂ ಕವಲಿನ ಮೂತಿಗೆ ಪೆಟ್ಟು. ಶಿವನಸಮುದ್ರದಲ್ಲಿರುವುದು ಬಂಡೆ, ತಡೆದುಕೊಳ್ಳುತ್ತದೆ. ರಕ್ತನಾಳದ್ದು ಕೆಲವೇ ಪದರದ ಗೋಡೆ. ಕೆಲವರಲ್ಲಿ ಆ ಗೋಡೆ ವರ್ಷಾನುಗಟ್ಟಲೆ ಸವೆದು ಹೊರಕ್ಕೆ ಉಬ್ಬುತ್ತದೆ. ಸೈಕಲ್ಲಿನ ಸವೆದ ಟೈರಿನ ಪಕ್ಕದಲ್ಲಿ ಟ್ಯೂಬು ಗುಳ್ಳೆಯಂತೆ ಹೊರಬರುವುದನ್ನು ಕಂಡಿದ್ದೀರಷ್ಟೆ? ಅಂಥದೇ ಗುಳ್ಳೆ. ಕೆಲವು ಹೆಸರುಕಾಳಿನಷ್ಟು, ಕೆಲವು ಕಡಲೆಕಾಳಿನಷ್ಟು, ದೊಡ್ಡವು ಅವರೆಕಾಳನ್ನೂ ಮೀರುತ್ತವೆ.

ಇದನ್ನು ಕೇಳಿ ಯಾರೂ ತಲೆ ಮುಟ್ಟಿಕೊಂಡು ನೋಡಬೇಕಾಗಿಲ್ಲ. ಹಲವು ದೇಶಗಳ ಲೆಕ್ಕ ಒಟ್ಟುಗೂಡಿಸಿದವರು, ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಮಂದಿಯಲ್ಲಿ ಇಂಥ ಉಬ್ಬು ಇರುತ್ತದೆ ಎನ್ನುತ್ತಾರೆ. ಅವರಲ್ಲಿ ಹೆಚ್ಚಿನವರು ಅದನ್ನು ಹೊತ್ತುಕೊಂಡೇ ದುಡಿದು, ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ಬೇರಾವುದೋ ಕಾರಣದಿಂದ ಕಣ್ಣು ಮುಚ್ಚುತ್ತಾರೆ. ಉಬ್ಬು ಇತ್ತೆಂಬುದು ಅವರಿಗೂ ತಿಳಿಯುವುದಿಲ್ಲ, ಮನೆಯವರಿಗೂ ತಿಳಿಯುವುದಿಲ್ಲ. ಒಡೆಯುವುದು ಕೆಲವು ಮಾತ್ರ. ಆ ಕೆಲವು ಯಾವುವು ಎಂಬುದೇ ಇಡೀ ಪ್ರಶ್ನೆ. ಸುಮ್ಮನಿರುವ ಉಬ್ಬನ್ನು ಕೆಣಕಿದರೂ ಕೇಡು, ಒಡೆಯುವ ಉಬ್ಬನ್ನು ಬಿಟ್ಟರೂ ಕೇಡು.

ಕಾಣದ್ದನ್ನು ಗುಣಪಡಿಸುವುದು ಹೇಗೆ? ಜೀವಂತ ಮನುಷ್ಯನ ಮಿದುಳಿನ ರಕ್ತನಾಳಗಳನ್ನು ಕ್ಷಕಿರಣದ ಚಿತ್ರದಲ್ಲಿ ಕಾಣಿಸಿದವನು ಪೋರ್ಚುಗಲ್ಲಿನ ಎಗಾಸ್ ಮೋನಿಸ್, 1927ರಲ್ಲಿ. ಹತ್ತು ವರ್ಷದ ಮೇಲೆ, 1937ರಲ್ಲಿ, ಅಮೆರಿಕದ ವಾಲ್ಟರ್ ಡ್ಯಾಂಡಿ ತಲೆಬುರುಡೆ ತೆರೆದು ಉಬ್ಬಿನ ಕುತ್ತಿಗೆಗೆ ಬೆಳ್ಳಿಯ ಕ್ಲಿಪ್ಪು ಹಾಕಿದ. 1971ರಲ್ಲಿ ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ಸಿ.ಟಿ. ಯಂತ್ರದಿಂದ ರೋಗಿಯ ತಲೆಯನ್ನು ಹೋಳುಹೋಳಾಗಿ ಚಿತ್ರಿಸಿದ. 1990ರ ಹೊತ್ತಿಗೆ ತಲೆ ತೆರೆಯದೆಯೇ, ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಉಬ್ಬಿನೊಳಗೆ ಪ್ಲಾಟಿನಂ ತಂತಿಯ ಸುರುಳಿ ತುಂಬುವ ವಿದ್ಯೆಯನ್ನು ಗುಗ್ಲಿಯೆಲ್ಮಿ ಕಂಡುಹಿಡಿದ.

ನಮ್ಮ ದೇಶವೂ ಕೈಕಟ್ಟಿ ಕುಳಿತಿರಲಿಲ್ಲ. 1949ರಲ್ಲಿ ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿ, 1950ರಲ್ಲಿ ಮದರಾಸಿನಲ್ಲಿ ಡಾ. ಬಿ. ರಾಮಮೂರ್ತಿ ಮಿದುಳಿನ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಆಗ ಕೊಳ್ಳೇಗಾಲ ಮದರಾಸು ಸಂಸ್ಥಾನದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರು ಸೀಮೆಗೆ ಸೇರಿತ್ತು. ಹನೂರಿನ ರೋಗಿಯ ಕಾಗದಪತ್ರ ಒಂದು ಸರ್ಕಾರದ್ದು, ಹತ್ತಾರು ಮೈಲಿ ಆಚೆ ಯಳಂದೂರಿನವನದು ಇನ್ನೊಂದು ಸರ್ಕಾರದ್ದು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಗಡಿಗಳು ಸರಿದವು, ಊರಿನಿಂದ ದೊಡ್ಡ ಆಸ್ಪತ್ರೆಗೆ ಇರುವ ದೂರ ಸರಿಯಲಿಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿಯ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಇಂದಿಗೂ ನಮ್ಮ ಕಡೆಯ ಬಡವನಿಗೆ ಮಿದುಳಿನ ರೋಗವೆಂದರೆ ಕಡೆಯ ಆಸರೆ ಆ ನಿಮ್ಹಾನ್ಸೇ.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. 1969ರಲ್ಲಿ ಡಾ. ರಾಮಮೂರ್ತಿಯವರು ಭಾರತದಲ್ಲಿ ಈ ಉಬ್ಬುಗಳು ಎಷ್ಟು ಎಂಬ ವಿಷಯವಾಗಿ ಬರೆದ ಲೇಖನ ಅಮೆರಿಕದ ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು. ಪಶ್ಚಿಮ ದೇಶಗಳಿಗಿಂತ ನಮ್ಮಲ್ಲಿ ಇದು ಕಡಿಮೆ ಕಾಣುತ್ತದೆ ಎಂಬುದು ಆ ಕಾಲದ ತಿಳಿವಳಿಕೆ. ಅವರು ಆಸ್ಪತ್ರೆಗೆ ಬಂದವರನ್ನು ಎಣಿಸಿದರು. ಬೇರೆ ಯಾರನ್ನು ಎಣಿಸಲು ಸಾಧ್ಯವಿತ್ತು? ಆದರೆ ಆಸ್ಪತ್ರೆಯ ಬಾಗಿಲಿಗೆ ಬರುವ ಮೊದಲೇ ಹೋದವರು, ಬಸ್ಸಿಲ್ಲದೆ ಉಳಿದವರು, ಮಂತ್ರ ಹಾಕಿಸಿಕೊಂಡು ಮಲಗಿದವರು ಯಾವ ಲೆಕ್ಕದಲ್ಲಿ ಬಂದರು? ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿ ಸೋಲಿಗರ ನಡುವೆ ಕೆಲಸಕ್ಕಿಳಿದಾಗ, ಅವರ ರಕ್ತವನ್ನು ಪರೀಕ್ಷಿಸಿದ ಮೇಲೆಯೇ ಕುಡುಗೋಲು ಕಣದ ರೋಗ ಅವರಲ್ಲಿದೆ ಎಂಬುದು ಹೊರಬಿತ್ತು. ರೋಗ ಹೊಸದಾಗಿ ಬಂದದ್ದಲ್ಲ, ನೋಡುವವರು ಹೊಸದಾಗಿ ಬಂದರು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಈಗ ಯಂತ್ರದ ಬಳಿಗೆ ಹೋಗೋಣ.

ಯಂತ್ರ ಮಾಡುವುದೇನು? ಮೊದಲು ರಕ್ತಕ್ಕೆ ಔಷಧಿಯೊಂದನ್ನು ಚುಚ್ಚಿ, ಅದು ಮಿದುಳಿನ ನಾಳಗಳಲ್ಲಿ ಹರಿಯುವಾಗ ಸಿ.ಟಿ. ಚಿತ್ರ ತೆಗೆಯುತ್ತಾರೆ. ಅಥವಾ ಎಂ.ಆರ್.ಐ. ಮಾಡುತ್ತಾರೆ. ಸಿಗುವುದು ಒಂದು ಚಿತ್ರವಲ್ಲ, ಬ್ರೆಡ್ಡಿನ ಹೋಳುಗಳಂತೆ ನೂರಾರು ತೆಳು ಚಿತ್ರಗಳು. ಒಂದೊಂದೂ ಸಾವಿರಾರು ಚುಕ್ಕಿಗಳಿಂದಾದದ್ದು. ಒಂದೊಂದು ಚುಕ್ಕಿಗೂ ಒಂದು ಸಂಖ್ಯೆ. ನಮ್ಮ ಕಣ್ಣಿಗೆ ಅದು ಕಪ್ಪು ಬಿಳುಪು, ಗಣಕಕ್ಕೆ ಬರೀ ಅಂಕಿ. ಗಣಕ ಆ ಅಂಕಿಗಳಲ್ಲಿ ಮೂಳೆ ಯಾವುದು, ನಾಳ ಯಾವುದು ಎಂದು ಬೇರ್ಪಡಿಸಿ, ಹೋಳುಗಳನ್ನು ಮತ್ತೆ ಜೋಡಿಸಿ, ನಾಳದ ಗಟ್ಟಿ ಆಕಾರವನ್ನು ಕಟ್ಟುತ್ತದೆ. ಆಮೇಲೆ ಅಳತೆ: ಉಬ್ಬಿನ ಎತ್ತರವೆಷ್ಟು, ಕುತ್ತಿಗೆಯ ಅಗಲವೆಷ್ಟು, ಹೊತ್ತ ನಾಳಕ್ಕಿಂತ ಉಬ್ಬು ಎಷ್ಟು ಪಟ್ಟು ದೊಡ್ಡದು, ಮೈ ನುಣುಪೋ ಗಂಟುಗಂಟೋ, ದೊಡ್ಡ ಉಬ್ಬಿನ ಮೇಲೆ ಮರಿ ಉಬ್ಬು ಇದೆಯೋ. ಕುತ್ತಿಗೆ ಕಿರಿದಾಗಿ ಎತ್ತರ ಹೆಚ್ಚಾದ ಉಬ್ಬು, ಮರಿ ಹಾಕಿದ ಉಬ್ಬು, ಸಾಮಾನ್ಯವಾಗಿ ಹೆಚ್ಚು ಅಪಾಯದವೆಂದು ಕಂಡಿದೆ. ಇನ್ನೂ ಮುಂದೆ ಹೋಗಿ, ಕಟ್ಟಿದ ಆಕಾರದೊಳಗೆ ರಕ್ತ ಹೇಗೆ ಸುಳಿದು ತಿರುಗುತ್ತದೆ, ಗೋಡೆಯನ್ನು ಎಷ್ಟು ಉಜ್ಜುತ್ತದೆ ಎಂದು ಲೆಕ್ಕ ಹಾಕುವವರೂ ಇದ್ದಾರೆ. ಉಜ್ಜುವಿಕೆ ಹೆಚ್ಚಾದರೆ ಅಪಾಯವೆಂದು ಒಂದು ಪಂಗಡ, ತೀರ ಕಡಿಮೆಯಾದರೆ ಅಪಾಯವೆಂದು ಇನ್ನೊಂದು ಪಂಗಡ. ಎರಡೂ ಬಗೆಯಲ್ಲಿ ಗೋಡೆ ಕೆಡಬಹುದೆಂದು ರಾಜಿ ಮಾಡಿಸುವವರು ಮೂರನೆಯವರು. ನಮ್ಮ ಪಕ್ಷಗಳ ಒಳಜಗಳ ನೋಡಿದವರಿಗೆ ಇದೇನೂ ಆಶ್ಚರ್ಯವಲ್ಲ.

ಕಡೆಯಲ್ಲಿ ಕಲಿಕೆ. ಒಡೆದ ಉಬ್ಬಿನ ಚಿತ್ರಗಳ ಒಂದು ರಾಶಿ, ಒಡೆಯದ ಉಬ್ಬಿನ ಚಿತ್ರಗಳ ಇನ್ನೊಂದು ರಾಶಿ, ಎರಡನ್ನೂ ಯಂತ್ರಕ್ಕೆ ತೋರಿಸಿ ವ್ಯತ್ಯಾಸವನ್ನು ಕಂಡುಕೊ ಎನ್ನುತ್ತಾರೆ. ಯಂತ್ರ ಕಂಡುಕೊಳ್ಳುತ್ತದೆ. ನೂರಕ್ಕೆ ಇಷ್ಟು ಸರಿ ಎಂದು ಪತ್ರಿಕೆಯಲ್ಲಿ ಬರುತ್ತದೆ.

ಇಲ್ಲಿಯೇ ಬಿಚ್ಚಾಣಿಕೆಯವರು ಸ್ವಲ್ಪ ನಿಲ್ಲಬೇಕು. ಗೂಡಿನ ಮಾರುಕಟ್ಟೆಯಲ್ಲಿ ನುರಿತ ರೀಲರ್ ಒಂದು ಹಿಡಿ ಗೂಡನ್ನು ಕೈಯಲ್ಲಿ ಆಡಿಸಿ, ಈ ಲಾಟಿಗೆ ಇಷ್ಟು ನೂಲು ಬೀಳುತ್ತದೆ ಎನ್ನುತ್ತಾನೆ. ಬಹಳ ಸಲ ಅವನ ಮಾತು ನಿಲ್ಲುತ್ತದೆ. ಆದರೆ ಅವನು ಹೇಳುವುದು ಲಾಟಿನ ಮಾತು. ಈ ಒಂದು ಗೂಡಿನಲ್ಲಿ ಎಳೆ ಎಲ್ಲಿ ತುಂಡಾಗುತ್ತದೆ ಎಂದು ಕೇಳಿದರೆ ಅವನು ನಕ್ಕುಬಿಡುತ್ತಾನೆ. ಯಂತ್ರದ ಕಣಿಯೂ ಲಾಟಿನ ಕಣಿಯೇ. ಇಂಥ ಸಾವಿರ ಉಬ್ಬಿನಲ್ಲಿ ಇಷ್ಟು ಒಡೆದವು ಎನ್ನಬಲ್ಲದು. ನಿಮ್ಮ ತಲೆಯ ಉಬ್ಬು ಬರುವ ಆಷಾಢದಲ್ಲಿ ಒಡೆಯುತ್ತದೆಯೇ ಎಂದರೆ ಅದಕ್ಕೆ ಗೊತ್ತಿಲ್ಲ.

ಇನ್ನೂ ಒಂದು ತೊಡಕಿದೆ, ಇದು ಮೊದಲಿನದಕ್ಕಿಂತ ದೊಡ್ಡದು. ಚಿಟ್ಟೆ ತೂತು ಮಾಡಿ ಹೊರಬಂದ ಗೂಡು ನಿಮಗೆ ಗೊತ್ತು. ಯಾವ ಗೂಡು ಮುಂದೆ ತೂತಾಗುತ್ತದೆ ಎಂದು ಹೇಳಲು ಹುಡುಗನೊಬ್ಬನಿಗೆ ಕಲಿಸಬೇಕೆಂದು, ಅವನಿಗೆ ಆಗಲೇ ತೂತಾದ ಗೂಡುಗಳನ್ನೂ ಇಡಿಯಾದ ಗೂಡುಗಳನ್ನೂ ತೋರಿಸಿದರೆ ಅವನು ಕಲಿಯುವುದೇನು? ತೂತನ್ನು ಗುರುತಿಸಲು ಕಲಿಯುತ್ತಾನೆ. ತೂತಾಗುವ ಮುನ್ನಿನ ಲಕ್ಷಣವನ್ನಲ್ಲ. ಉಬ್ಬು ಒಡೆದಾಗ ಅದರ ಆಕಾರ ಬದಲಾಗುತ್ತದೆ. ಸುತ್ತಲೂ ರಕ್ತ ಹೆಪ್ಪುಗಟ್ಟಿರುತ್ತದೆ. ಒಡೆದ ಮೇಲೆ ತೆಗೆದ ಚಿತ್ರದಿಂದ ಕಲಿತ ಯಂತ್ರ ಆಗಿಹೋದದ್ದನ್ನು ಹೇಳುವುದರಲ್ಲಿ ಜಾಣನಾಗಿರುತ್ತದೆ, ಆಗಬಹುದಾದ್ದನ್ನು ಹೇಳುವುದರಲ್ಲಿ ಜಾಣನೆಂದು ಅದರಿಂದ ಸಿದ್ಧವಾಗುವುದಿಲ್ಲ. ಮುಂದಾಗಿ ಹೇಳುತ್ತದೆ ಎಂದು ಡಂಗುರ ಹೊಡೆಯುವ ಎಷ್ಟೋ ಕೆಲಸಗಳು ಈ ಹಳ್ಳದಲ್ಲಿ ಬಿದ್ದಿವೆ ಎಂಬುದು ನಮ್ಮ ಅಭಿಪ್ರಾಯ. ಸರಿಯಾದ ದಾರಿ ಕಷ್ಟದ್ದು: ಒಡೆಯದ ಉಬ್ಬು ಇರುವ ಸಾವಿರಾರು ಜನರ ಚಿತ್ರ ತೆಗೆದು, ವರ್ಷಗಟ್ಟಲೆ ಅವರ ಬೆನ್ನು ಬಿಡದೆ ನೋಡಬೇಕು.

ಹಾಗೆ ನೋಡಿದವರೂ ಇದ್ದಾರೆ. ಅಮೆರಿಕ, ಕೆನಡಾ, ಯೂರೋಪುಗಳ 4060 ಜನರ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಹಿಂದೆ ರಕ್ತಸ್ರಾವವಾಗದವರಲ್ಲಿ, ಮಿದುಳಿನ ಮುಂಭಾಗದ ಕೆಲವು ನಾಳಗಳಲ್ಲಿ, 7 ಮಿಲಿಮೀಟರಿಗಿಂತ ಚಿಕ್ಕ ಉಬ್ಬುಗಳು ಐದು ವರ್ಷದಲ್ಲಿ ಒಂದೂ ಒಡೆಯಲಿಲ್ಲ ಎಂದು ಅದು ಹೇಳಿತು. ಆದರೆ ಆಸ್ಪತ್ರೆಗೆ ಒಡೆದು ಬರುವವರಲ್ಲಿ ಬಹಳ ಮಂದಿಯ ಉಬ್ಬು 7 ಮಿಲಿಮೀಟರಿಗಿಂತ ಚಿಕ್ಕದೇ ಆಗಿರುತ್ತದೆ! ಚಿಕ್ಕವು ಎಣಿಕೆಯಲ್ಲಿ ಹೆಚ್ಚು, ಆದುದರಿಂದ ಕೆಲವೇ ಒಡೆದರೂ ಆಸ್ಪತ್ರೆ ತುಂಬುತ್ತವೆ ಎಂಬುದು ಒಂದು ಉತ್ತರ, ಪೂರ್ತಿ ಉತ್ತರವಲ್ಲ. 2012ರಲ್ಲಿ ಜಪಾನಿನವರು 5720 ಜನರ 6697 ಉಬ್ಬುಗಳ ಲೆಕ್ಕ ಕೊಟ್ಟರು: ಒಟ್ಟಾರೆ ವರ್ಷಕ್ಕೆ ನೂರಕ್ಕೆ 0.95 ಒಡೆದವು. ಗಾತ್ರದ ಜೊತೆಗೆ ಜಾಗವೂ ಮುಖ್ಯ, ಮರಿ ಉಬ್ಬಿದ್ದರೆ ಅಪಾಯ ಹೆಚ್ಚು ಎಂದು ಅವರಿಂದ ಇನ್ನಷ್ಟು ಖಚಿತವಾಯಿತು.

2014ರಲ್ಲಿ ಇಂಥ ಆರು ಅಧ್ಯಯನಗಳ 8382 ಜನರನ್ನು ಒಟ್ಟುಮಾಡಿ ಫೇಸಸ್ ಎಂಬ ಅಂಕಪಟ್ಟಿಯನ್ನು ತಯಾರಿಸಿದರು. ಜನಾಂಗ, ರಕ್ತದೊತ್ತಡ, ವಯಸ್ಸು, ಗಾತ್ರ, ಹಿಂದಿನ ರಕ್ತಸ್ರಾವ, ಜಾಗ, ಈ ಆರಕ್ಕೆ ಅಂಕ ಹಾಕಿ ಕೂಡಿದರೆ ಐದು ವರ್ಷದ ಅಪಾಯ ಸಿಗುತ್ತದೆ. ಅದರ ಮೊದಲ ಸಾಲನ್ನು ನೋಡಿ. ಉತ್ತರ ಅಮೆರಿಕ ಮತ್ತು ಯೂರೋಪಿನವನಾದರೆ 0, ಜಪಾನಿನವನಾದರೆ 3, ಫಿನ್ಲೆಂಡಿನವನಾದರೆ 5. ಮುಗಿಯಿತು. ಯಳಂದೂರಿನವನಿಗೆ ಎಷ್ಟು? ಕೊಳ್ಳೇಗಾಲದವನಿಗೆ? ನೂರ ನಲವತ್ತು ಕೋಟಿ ಜನರಿರುವ ದೇಶಕ್ಕೆ ಆ ಪಟ್ಟಿಯಲ್ಲಿ ಸಾಲೇ ಇಲ್ಲ. ಒಂದೇ ಉಬ್ಬಿಗೆ ಊರು ಬದಲಾದರೆ ಅಪಾಯ ಇಷ್ಟು ಬದಲಾಗುತ್ತದೆ ಎಂದು ಅವರೇ ಹೇಳುವಾಗ, ನಮ್ಮ ಊರಿನ ಅಪಾಯವನ್ನು ಯಾರ ಅಂಕದಿಂದ ಅಳೆಯುವುದು? ಎಲ್ಲೋ ಎಣಿಸಿದ ಅಂಕಿಯನ್ನು ನಮ್ಮ ತಲೆಗೆ ಅಂಟಿಸಿ, ಅದರ ಮೇಲೆ ಹನೂರಿನವನು ಜಮೀನು ಮಾರಬೇಕೋ ಬೇಡವೋ ಎಂದು ತೀರ್ಮಾನವಾಗುತ್ತದೆ. ಯಂತ್ರ ಕಲಿಯುವುದು ಚಿತ್ರದಿಂದ. ಚಿತ್ರ ತೆಗೆಸಿಕೊಳ್ಳದ ಜನ ಅದರ ಪಾಲಿಗೆ ಹುಟ್ಟಿಯೇ ಇಲ್ಲ.

ಈಗ ವರ್ತಕ ಮಿತ್ರರಿಗಾಗಿ ಒಂದು ಸಣ್ಣ ಲೆಕ್ಕ. ಉಬ್ಬಿರುವ 1000 ಜನ ಎಂದಿಟ್ಟುಕೊಳ್ಳಿ. ಜಪಾನಿನ ಲೆಕ್ಕದಂತೆ ವರ್ಷಕ್ಕೆ ಸುಮಾರು 10 ಜನರದು ಒಡೆಯುತ್ತದೆ, 990 ಜನರದು ಇಲ್ಲ. ಯಂತ್ರ ಎರಡು ಕಡೆಯೂ ನೂರಕ್ಕೆ 90 ಸರಿ ಎಂದು, ಲೆಕ್ಕಕ್ಕಾಗಿ, ಉದಾರವಾಗಿ ಒಪ್ಪೋಣ. 10ರಲ್ಲಿ 9ನ್ನು ಅದು ಹಿಡಿಯಿತು. ಆದರೆ 990ರಲ್ಲಿ ನೂರಕ್ಕೆ 10ರಂತೆ 99 ಜನಕ್ಕೂ ಅಪಾಯವೆಂದು ಸುಳ್ಳು ಕೂಗು ಹಾಕಿತು. ಒಟ್ಟು 108 ಜನರಿಗೆ ಚೀಟಿ ಬಂತು. ಅದರಲ್ಲಿ ನಿಜವಾದವು 9. ಈ 108 ಮಂದಿಯನ್ನೂ ಶಸ್ತ್ರಚಿಕಿತ್ಸೆಗೆ ಮಲಗಿಸಿದರೆ? 2019ರಲ್ಲಿ ಹಲವು ದೇಶಗಳ ವರದಿಗಳನ್ನು ಒಟ್ಟುಮಾಡಿ ನೋಡಿದಾಗ, ಒಡೆಯದ ಉಬ್ಬಿನ ಚಿಕಿತ್ಸೆಯಲ್ಲಿಯೇ ತೊಂದರೆಗೆ ಸಿಕ್ಕವರು ತಂತಿಯ ವಿಧಾನದಲ್ಲಿ ನೂರಕ್ಕೆ 5ರ ಹತ್ತಿರ, ತಲೆ ತೆರೆಯುವ ವಿಧಾನದಲ್ಲಿ 8ರ ಹತ್ತಿರ. ಅಂದರೆ 108ರಲ್ಲಿ 5ರಿಂದ 9 ಜನಕ್ಕೆ ಚಿಕಿತ್ಸೆಯಿಂದಲೇ ಪೆಟ್ಟು. ಇದು ಒಂದು ವರ್ಷದ ಲೆಕ್ಕ ಎಂಬುದನ್ನು ಮರೆಯಬಾರದು. ಮೂವತ್ತರ ಹರೆಯದವನಿಗೆ ಮುಂದೆ ನಲವತ್ತು ವರ್ಷದ ಅಪಾಯ ಕೂಡುತ್ತ ಹೋಗುತ್ತದೆ, ಅವನಿಗೆ ಚಿಕಿತ್ಸೆಯೇ ಸರಿಯಾಗಬಹುದು. ಎಪ್ಪತ್ತರ ಅಜ್ಜಿಗೆ ಸುಮ್ಮನೆ ಕಾಯುವುದೇ ಸರಿಯಾಗಬಹುದು. ಆದುದರಿಂದ ಯಂತ್ರ ಹೇಳಿತು ಎಂಬುದು ಎಂದಿಗೂ ಪೂರ್ತಿ ಕಾರಣವಾಗಲಾರದು. ಬಿಲ್ಲು ಬರೆಯುವ ಆಸ್ಪತ್ರೆಯೇ ಯಂತ್ರದ ಒಡೆಯನೂ ಆಗಿದ್ದರಂತೂ ಎರಡನೆಯ ವೈದ್ಯರನ್ನು ಕೇಳದೆ ಕಾಗದಕ್ಕೆ ರುಜು ಹಾಕಬಾರದು.

ಹಾಗೆಂದು ಯಂತ್ರವನ್ನು ಒಡೆಯಲು ನಾವು ಹೇಳುತ್ತಿಲ್ಲ. ಮಗ್ಗಕ್ಕೆ ವಿದ್ಯುತ್ತು ಬಂದಾಗ ಲಾಳಿಯನ್ನು ದೂರಿದವರು ಏನನ್ನೂ ಗಳಿಸಲಿಲ್ಲ. ಯಂತ್ರಕ್ಕೆ ತಕ್ಕ ಕೆಲಸವೊಂದಿದೆ. ಅದು ಕಣಿ ಹೇಳುವುದಲ್ಲ, ಹುಡುಕಿಕೊಡುವುದು. 2019ರಲ್ಲಿ ಅಮೆರಿಕದ ಸ್ಟಾನ್‌ಫರ್ಡಿನವರು 8 ಮಂದಿ ವೈದ್ಯರಿಗೆ ಚಿತ್ರಗಳನ್ನು ಕೊಟ್ಟು, ಯಂತ್ರದ ಸಹಾಯವಿಲ್ಲದೆ ಒಮ್ಮೆ, ಸಹಾಯದಿಂದ ಒಮ್ಮೆ ನೋಡಿಸಿದರು. ಸಹಾಯವಿದ್ದಾಗ, ಉಬ್ಬಿರುವ 100 ಚಿತ್ರಗಳಲ್ಲಿ ಸುಮಾರು 6 ಹೆಚ್ಚು ಕಣ್ಣಿಗೆ ಬಿದ್ದವು. ಇದು ದೊಡ್ಡದು. ಇಡೀ ದಿನ ನೂರು ರೋಗಿಗಳನ್ನು ನೋಡಿ ದಣಿದ ವೈದ್ಯ ರಾತ್ರಿ ಎರಡು ಗಂಟೆಗೆ ಒಂದು ಚಿತ್ರ ನೋಡುವಾಗ ಪಕ್ಕದಲ್ಲೊಂದು ದಣಿಯದ ಕಣ್ಣು ಇರುವುದು ಜಿಲ್ಲಾ ಆಸ್ಪತ್ರೆಗೇ ಹೆಚ್ಚು ಬೇಕಾದದ್ದು, ನಗರದ ಪಂಚತಾರಾ ಆಸ್ಪತ್ರೆಗಲ್ಲ. ಹಾಗೆಯೇ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ವಿಮಾನದ ಕೆಲಸ ಮಾಡುವ ಸರ್ಕಾರಿ ಸಂಸ್ಥೆ, ತನ್ನ ನಿಟಿನಾಲ್ ಲೋಹದ ವಿದ್ಯೆಯನ್ನು ಕೊಟ್ಟು ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯೊಡನೆ ಕೂಡಿ, ಉಬ್ಬಿನ ಬಾಯಿಗೆ ಅಡ್ಡಲಾಗಿ ನಾಳದಲ್ಲಿ ಕೂರಿಸುವ ಜಾಲರಿಯನ್ನು ರೂಪಿಸಿತು. ತಯಾರಿಕೆಗೆ ಕೊಡುವ ಹಂತಕ್ಕೆ ಅದು 2020ರಲ್ಲಿ ಬಂತು. ಹೊರದೇಶದಿಂದ ತರಿಸುತ್ತಿದ್ದ ದುಬಾರಿ ವಸ್ತು ಅದು. ಸಾರ್ವಜನಿಕ ಹಣದ ವಿಜ್ಞಾನ ಮಾಡಬಲ್ಲದ್ದಕ್ಕೆ ಇದು ಒಳ್ಳೆಯ ಸಾಕ್ಷಿ.

ಆದರೆ ಚಿತ್ರವೇ ಇಲ್ಲದ ಕಡೆ ಚಿತ್ರ ಓದುವ ಯಂತ್ರ ಏನು ಮಾಡೀತು? ಕೆನಡಾದವರು 3132 ರೋಗಿಗಳನ್ನು ನೋಡಿ 2011ರಲ್ಲಿ ಪ್ರಕಟಿಸಿದ ಫಲ ಇದು: ಸಿಡಿಲಿನಂಥ ತಲೆನೋವು ಶುರುವಾದ 6 ಗಂಟೆಯೊಳಗೆ ಸಿ.ಟಿ. ಮಾಡಿ, ಬಲ್ಲವರು ಅದನ್ನು ಓದಿದರೆ, ರಕ್ತಸ್ರಾವ ತಪ್ಪಿಸಿಕೊಳ್ಳುವುದಿಲ್ಲ. ಗಂಟೆಗಳು ಕಳೆದಂತೆ ಚಿತ್ರದಲ್ಲಿ ರಕ್ತ ಮಾಸುತ್ತದೆ, ಗುರುತಿಸುವುದು ಕಷ್ಟವಾಗುತ್ತದೆ. ಈಗ ಆ 6 ಗಂಟೆಯನ್ನು ನಮ್ಮ ರಸ್ತೆಯ ಮೇಲೆ ಹಾಸಿ ನೋಡಿ. ಮಹದೇಶ್ವರ ಬೆಟ್ಟದಿಂದ ತಾಳಬೆಟ್ಟದ ತಿರುವುಗಳನ್ನಿಳಿದು ಹನೂರಿನ ಮೇಲೆ ಕೊಳ್ಳೇಗಾಲಕ್ಕೆ ಬರಲು 80 ಕಿಲೋಮೀಟರಿನ ಹತ್ತಿರ. ಕೊಳ್ಳೇಗಾಲದಿಂದ ಮೈಸೂರು 60ರ ಮೇಲೆ, ಬೆಂಗಳೂರು 140ರ ಸುಮಾರು. ಮೊದಲು ತಲೆನೋವಿನ ಮಾತ್ರೆ, ಆಮೇಲೆ ಸಂಜೆ ನೋಡೋಣವೆಂಬ ಮಾತು, ಆಮೇಲೆ ಗಾಡಿ ಹುಡುಕುವುದು. ಅಷ್ಟರಲ್ಲಿ 6 ಗಂಟೆ ಮುಗಿದಿರುತ್ತದೆ. ಒಮ್ಮೆ ಒಡೆದ ಉಬ್ಬು ಮತ್ತೆ ಒಡೆಯುವ ಭಯ ಮೊದಲ 24 ಗಂಟೆಯಲ್ಲೇ ಹೆಚ್ಚು. ಎರಡನೆಯ ಪೆಟ್ಟು ಮೊದಲನೆಯದಕ್ಕಿಂತ ಕ್ರೂರ.

ಆದುದರಿಂದ ಯಾವ ಯಂತ್ರಕ್ಕೂ ಮುಂಚೆ ಈ ಲಕ್ಷಣಗಳನ್ನು ಪ್ರತಿಯೊಂದು ಮನೆಯವರೂ ಅರಿತಿರಬೇಕು. ಹುಟ್ಟಿದಂದಿನಿಂದ ಇಂಥದು ಬಂದಿಲ್ಲ ಎನ್ನುವಷ್ಟು ಜೋರಾಗಿ, ಒಂದೇ ನಿಮಿಷದೊಳಗೆ ತುದಿ ಮುಟ್ಟುವ ತಲೆನೋವು. ಜೊತೆಗೆ ವಾಂತಿ, ಕತ್ತು ಬಿಗಿಯುವುದು, ಬೆಳಕು ಸಹಿಸದಿರುವುದು, ಎಚ್ಚರ ತಪ್ಪುವುದು, ಫಿಟ್ಸು. ನೋವು ಅರ್ಧ ದಿನಕ್ಕೆ ಇಳಿಯಿತೆಂದು ಸುಮ್ಮನಾಗಬಾರದು. ದೊಡ್ಡ ಒಡೆತಕ್ಕೆ ಮುಂಚೆ ಸಣ್ಣದೊಂದು ಸೋರಿಕೆ ಕೆಲವರಲ್ಲಿ ಹೀಗೆ ಬಂದು ಹೋಗುತ್ತದೆ. ಇನ್ನೊಂದು ಲಕ್ಷಣವನ್ನು ಬರಿಗಣ್ಣೇ ಹಿಡಿಯಬಲ್ಲದು: ಒಂದು ಕಣ್ಣಿನ ರೆಪ್ಪೆ ಇದ್ದಕ್ಕಿದ್ದಂತೆ ಜೋತುಬಿದ್ದು, ಆ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಹಿಗ್ಗಿದ್ದರೆ, ಉಬ್ಬು ಕಣ್ಣಿನ ನರವನ್ನು ಒತ್ತುತ್ತಿರಬಹುದು. ಒಡೆಯುವ ಮೊದಲೇ ಕೂಗಿ ಹೇಳುವ ಲಕ್ಷಣ ಇದು. ಇಂಥ ರೋಗಿಗೆ ಅಂಗಡಿಯಲ್ಲಿ ಆಸ್ಪಿರಿನ್ ಕೊಂಡು ನುಂಗಿಸಬೇಡಿ, ರಕ್ತ ಹೆಪ್ಪುಗಟ್ಟುವುದನ್ನು ಅದು ತಡೆಯುತ್ತದೆ. 108ಕ್ಕೆ ಕರೆಮಾಡಿ, ತಲೆನೋವು ಎಷ್ಟು ಗಂಟೆಗೆ ಶುರುವಾಯಿತೆಂದು ಚೀಟಿಯಲ್ಲಿ ಬರೆದು ಜೊತೆಗೆ ಕಳಿಸಿ, ಸಿ.ಟಿ. ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ.

ಹಳ್ಳಿಯ ವೈದ್ಯರಿಗೂ ಇದನ್ನು ಗುರುತಿಸುವ ತರಬೇತಿ ಬೇಕು. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವನ್ನು ಶುರುಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತಲೆನೋವು, ಪಾರ್ಶ್ವವಾಯು, ಮೂರ್ಛೆರೋಗ, ಮರೆವಿನ ರೋಗಗಳನ್ನು ಗುರುತಿಸಲು ಕಲಿಸತೊಡಗಿದುದು ಬಹಳ ಸರಿಯಾದ ಕೆಲಸ. ಮೊದಲ ಹಂತದಲ್ಲಿ ಆಯ್ದದ್ದು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ. ರಾಜಧಾನಿಯ ಸುತ್ತಿನಿಂದ ಆರಂಭಿಸುವುದು ಸುಲಭವೆಂದು ನಾವೂ ಬಲ್ಲೆವು. ಬೆಟ್ಟದ ತಪ್ಪಲಿನಿಂದ ಆರಂಭಿಸುವ ಧೈರ್ಯವನ್ನು ಯೋಜನೆಗಳು ಯಾವಾಗ ಮಾಡುತ್ತವೆ ಎಂಬುದು ನಮ್ಮ ಪ್ರಶ್ನೆ. ಚಾಮರಾಜನಗರದಲ್ಲಿ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾಯಿತು, 2021ರ ಅಕ್ಟೋಬರಿನಲ್ಲಿ ಅದರ ದೊಡ್ಡ ಆಸ್ಪತ್ರೆಯನ್ನು ರಾಷ್ಟ್ರಪತಿಗಳು ಉದ್ಘಾಟಿಸಿದರು. ಅದೇ ವರ್ಷದ ಮೇ 2 ಮತ್ತು 3ರ ನಡುವೆ ಅದೇ ಪಟ್ಟಣದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಜನ ಸತ್ತದ್ದನ್ನು ಈ ಜಿಲ್ಲೆ ಮರೆತಿಲ್ಲ. ಬುದ್ಧಿವಂತ ಯಂತ್ರದ ಮಾತು ಬಂದಾಗಲೆಲ್ಲ ಆಮ್ಲಜನಕದ ಸಿಲಿಂಡರು ನಮ್ಮ ಕಣ್ಣೆದುರು ಬರುವುದಕ್ಕೆ ಇದು ಕಾರಣ.

ಇನ್ನು ಬೀಡಿ. ಬೀಡಿ ಸಿಗರೇಟು ಮತ್ತು ಹೆಚ್ಚಿದ ರಕ್ತದೊತ್ತಡ, ಉಬ್ಬು ಏಳುವುದಕ್ಕೂ ಒಡೆಯುವುದಕ್ಕೂ ನಮ್ಮ ಕೈಯಲ್ಲಿರುವ ಮುಖ್ಯ ಕಾರಣಗಳು ಇವೆರಡು. ಕುಟುಂಬದ ರಕ್ತವನ್ನು ಬದಲಿಸಲಾಗದು, ವಯಸ್ಸನ್ನು ಹಿಂದಕ್ಕೆ ತಿರುಗಿಸಲಾಗದು. ಬಿ.ಪಿ. ಅಳೆಯಲು ಎರಡು ನಿಮಿಷ ಸಾಕು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಳೆಯುತ್ತಾರೆ, ಮಾತ್ರೆಯನ್ನೂ ಕೊಡುತ್ತಾರೆ. ರಾತ್ರಿ ಪಾಳಿ ಮುಗಿಸಿ ಬಂದವನು, ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಗಲ್ಲಾದ ಮುಂದೆ ಕೂತವನು ಅಲ್ಲಿಗೆ ಯಾವಾಗ ಹೋಗಬೇಕು? ಗಿರಣಿಯ ಬಾಗಿಲಿಗೆ, ಸಂತೆಯ ದಿನ ಸಂತೆಗೆ ಬಿ.ಪಿ. ಯಂತ್ರ ಬರಬೇಕೆಂದು ನಾವು ಕೇಳಬೇಕು. ಇದಕ್ಕೆ ಕೋಟಿಗಳು ಬೇಡ. ತಂದೆತಾಯಿ, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಇಬ್ಬರಿಗೆ ಈ ರೋಗ ಬಂದಿದ್ದರೆ ಉಳಿದವರು ಒಮ್ಮೆ ಚಿತ್ರ ತೆಗೆಸಿಕೊಳ್ಳುವುದು ಯುಕ್ತವೆಂದು ವೈದ್ಯರು ಹೇಳುತ್ತಾರೆ. ಉಳಿದ ಆರೋಗ್ಯವಂತರು ಭಯಪಟ್ಟು ಸ್ಕ್ಯಾನಿಗೆ ಸಾಲ ಮಾಡಬೇಕಾಗಿಲ್ಲ.

ಕಡೆಯದಾಗಿ ಚಿತ್ರದ ಒಡೆತನ. ನಮ್ಮ ತಲೆಯ ಚಿತ್ರಗಳಿಲ್ಲದೆ ಯಂತ್ರ ನಮ್ಮ ಬಗ್ಗೆ ಕಲಿಯದು, ಆದುದರಿಂದ ಚಿತ್ರ ಕೊಡಬೇಕಾಗುತ್ತದೆ. ಕೊಡೋಣ, ಆದರೆ ಕೇಳಿ ಪಡೆಯಲಿ, ಹೆಸರು ಅಳಿಸಿ ಪಡೆಯಲಿ, ಅದರಿಂದ ಹುಟ್ಟಿದ ಯಂತ್ರ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ನಮಗೆ ದೊರೆಯಲಿ. 2023ರಲ್ಲಿ ಸಂಸತ್ತು ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾನೂನು ಮಾಡಿದೆ, ಒಪ್ಪಿಗೆ ಎಂಬ ಶಬ್ದ ಅದರಲ್ಲಿದೆ. ಹತ್ತು ಪುಟದ ಇಂಗ್ಲಿಷ್ ಕಾಗದದ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದನ್ನು ಒಪ್ಪಿಗೆ ಎನ್ನಲು ನಾವು ಸಿದ್ಧರಿಲ್ಲ.

ಯಾರಿಗಾದರೂ ಬೇರಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಸಣ್ಣ ಉಬ್ಬೊಂದು ಕಂಡಿತೆನ್ನಿ. ಗಾಬರಿ ಬೇಡ. ಎಷ್ಟು ಮಿಲಿಮೀಟರು, ಯಾವ ನಾಳ, ಮೈ ನುಣುಪೋ ಅಲ್ಲವೋ, ಚಿಕಿತ್ಸೆ ಮಾಡಿದರೆ ನಿಮ್ಮ ಕೈಯಲ್ಲಿ ಎಷ್ಟು ಜನಕ್ಕೆ ತೊಂದರೆಯಾಗಿದೆ, ಮಾಡದಿದ್ದರೆ ಮತ್ತೆ ಯಾವಾಗ ಚಿತ್ರ ತೆಗೆಯಬೇಕು, ಇಷ್ಟನ್ನು ಕೇಳಿ ಬರೆಸಿಕೊಳ್ಳಿ. ಕಾಯುವುದೆಂದು ತೀರ್ಮಾನವಾದರೆ ಸಾಮಾನ್ಯವಾಗಿ ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ಚಿತ್ರ ತೆಗೆಯುತ್ತಾರೆ. ಆಗ ನೋಡುವುದು ಮುಖ್ಯವಾಗಿ ಉಬ್ಬು ಬೆಳೆದಿದೆಯೇ ಎಂಬುದನ್ನು. ಬೆಳೆದ ಉಬ್ಬಿನ ಅಪಾಯ ಬೆಳೆಯದ್ದಕ್ಕಿಂತ ಬಹಳ ಹೆಚ್ಚು. ಹಳೆಯ ಚಿತ್ರ ಕಳೆದುಹೋಗಿದ್ದರೆ ಬೆಳೆದಿದೆಯೆಂದು ಅತಿ ಬುದ್ಧಿವಂತ ಯಂತ್ರವೂ ಹೇಳಲಾರದು. ಆದುದರಿಂದ ಆಸ್ಪತ್ರೆಯವರು ಬರೀ ವರದಿಯ ಕಾಗದ ಕೊಟ್ಟರೆ ಸಾಲದೆನ್ನಿ, ಚಿತ್ರಗಳಿರುವ ಸಿ.ಡಿ.ಯನ್ನೂ ಕೇಳಿ ಪಡೆಯಿರಿ, ಮೇಲೆ ತಾರೀಖು ಬರೆದು ರೇಷನ್ ಕಾರ್ಡಿನ ಜೊತೆ ಪೆಟ್ಟಿಗೆಯಲ್ಲಿಡಿ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಹನೂರಿನ ಕಡೆಯ ಬಸ್ಸಿಗೆ ಹೋಗುವವರು ಮೊದಲು ಕೇಳಲಿ.